ಕೈಯೂರದೆ ಏಳುವುದು

ಕುರ್ಚಿಯಿಂದ ಕೈ ಊರದೆ ಏಳಬೇಕು, ಅಷ್ಟೆ. ಫೋನಿನ ವಿಡಿಯೋದಲ್ಲಿದ್ದ ಹುಡುಗ ಹೇಳಿದ್ದು ಅಷ್ಟೇ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು, ಪಾದಗಳನ್ನು ಸ್ವಲ್ಪ ಅಗಲಿಸಿ, ಉಸಿರು ಬಿಡುತ್ತಾ ಎದ್ದು ನಿಲ್ಲುವುದು, ಮತ್ತೆ ನಿಧಾನಕ್ಕೆ ಕೂರುವುದು. ಹೀಗೆ ಹತ್ತು ಸಲ. ಬೆಳಗಿನ ಆರು ಗಂಟೆಗೆ, ತುಮಕೂರಿನ ಶೆಟ್ಟಿಹಳ್ಳಿಯ ಬಾಡಿಗೆ ಮಹಡಿಯ ಹಾಲಿನಲ್ಲಿ, ದಿವಾನಕ್ಕೂ ಶೋಕೇಸಿಗೂ ನಡುವಿನ ಒಂದು ಚಾಪೆಯಗಲದ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದ ಅನಂತರಾಜು ಏಳಲು ನೋಡಿದ. ಏಳಬೇಕೆಂಬ ಮನಸ್ಸು ಎದ್ದು ಅಡುಗೆಮನೆಯ ಬಾಗಿಲತನಕ ಹೋಗಿ, ಯಾರೂ ಜೊತೆಗೆ ಬರಲಿಲ್ಲವಲ್ಲ ಎಂದು ಹಿಂತಿರುಗಿ ನೋಡಿದಂತಾಯಿತು. ದೇಹ ಕುರ್ಚಿಯಲ್ಲೇ ಇತ್ತು. ಅವನಿಗೆ ಐವತ್ತನಾಲ್ಕು. ಇಪ್ಪತ್ತಾರು ವರ್ಷ ಒಂದೇ ಕಚೇರಿಯ ಟಪಾಲು ವಿಭಾಗದಲ್ಲಿ ಬಂದ ಕಾಗದಕ್ಕೂ ಹೋದ ಕಾಗದಕ್ಕೂ ನಂಬರು ಹಾಕುತ್ತ ಕುಳಿತಿದ್ದಾನೆ. ಇಷ್ಟು ವರ್ಷ ತಾನು ಏಳುತ್ತಿದ್ದದ್ದು ಕಾಲಿನ ಬಲದಿಂದಲ್ಲ, ಮೇಜಿನ ಬಲದಿಂದ ಎಂಬುದು ಅವನಿಗೆ ಹೊಳೆದದ್ದು ಈಗ. "ಜಾಗ ಇಲ್ಲ ಅಂತೀರಾ? ಬಜೆಟ್ ಇಲ್ಲ ಅಂತೀರಾ? ನಿಮ್ ಬಾಡಿನೇ ನಿಮ್ ಜಿಮ್ಮು ಫ್ರೆಂಡ್ಸ್" ಎನ್ನುತ್ತಿದ್ದ ಫೋನಿನ ಹುಡುಗ. ಅವನು ನಿಂತಿದ್ದ ಕೋಣೆಯೇ ಅನಂತರಾಜುವಿನ ಇಡೀ ಮನೆಗಿಂತ ದೊಡ್ಡದಿತ್ತು, ಅಷ್ಟು ಜಾಗದಲ್ಲಿ ಒಂದು ಹೂವಿನ ಕುಂಡ ಬಿಟ್ಟರೆ ಬೇರೇನೂ ಇರಲಿಲ್ಲ. ಅನಂತರಾಜು ಕದ್ದು ಒಂದು ಬೆರಳನ್ನು ದಿವಾನದ ಅಂಚಿಗೆ ಊರಿ ಎದ್ದ. ಬೆರಳು ಕೈಯಲ್ಲವಷ್ಟೆ ಎಂದು ಸಮಾಧಾನ ಮಾಡಿಕೊಂಡ. ಒಂದು ಎಂದು ಎಣಿಸಿದ.

ಕುಣಿಗಲ್ಲಿನ ಆ ಭಾನುವಾರ ಕಳೆದು ಒಂಬತ್ತು ದಿನವಾಗಿತ್ತು. ಮಗಳು ಮಾನಸಾಳಿಗೆ ನೋಡಿದ್ದ ಹುಡುಗ ಭಾನುಪ್ರಕಾಶನಿಗೆ ಗುಬ್ಬಿಯ ಪಶು ಆಸ್ಪತ್ರೆಯಲ್ಲಿ ಕೆಲಸ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಹೆಣ್ಣಿನ ಕಡೆಯವರು ಹೋಗಿ ಹುಡುಗನ ಮನೆ ನೋಡಿಕೊಂಡು ಬರುವುದು ಉಳಿದಿತ್ತು. ಅನಂತರಾಜು, ಹೆಂಡತಿ ಗಂಗರತ್ನ, ಸಂಬಂಧ ತಂದಿದ್ದ ಆಫೀಸಿನ ರಾಮಾಂಜಿನಯ್ಯ, ಮೂವರೂ ಹೋಗಿದ್ದರು. ಹುಡುಗನ ತಂದೆ ಲಕ್ಷ್ಮೀನರಸಿಂಹಯ್ಯ ರಿಟೈರಾದ ಪಿ.ಟಿ. ಮೇಷ್ಟ್ರು. ಅರವತ್ತೆರಡರಲ್ಲೂ ಎದೆ ಮುಂದೆ, ಹೊಟ್ಟೆ ಹಿಂದೆ. ಅವರು "ಬನ್ನಿ, ಕೂತ್ಕೊಳಿ" ಎಂದರೂ ಸಾಲಾಗಿ ನಿಲ್ಲಿ ಎಂದಂತೆ ಕೇಳಿಸುತ್ತಿತ್ತು. ಹೋಳಿಗೆ ಊಟವಾಯಿತು. ಮೂರನೆಯ ಹೋಳಿಗೆಗೆ ಕೈ ಅಡ್ಡ ಹಿಡಿದಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಅನಂತರಾಜು ಹಿತ್ತಲಿನ ಕಕ್ಕಸಿಗೆ ಹೋದ. ಹಳೆಯ ಕಾಲದ, ನೆಲಕ್ಕೆ ಕೂರಿಸಿದ ಕಕ್ಕಸು. ಗೋಡೆಗೆ ಮಾತ್ರ ಹೊಸ ಟೈಲ್ಸು, ಮುಟ್ಟಿದರೆ ಜಾರುವ ಹಾಗೆ. ಕೂತಿದ್ದೇನೋ ಸಲೀಸಾಗಿ ಕೂತ. ಕೂತು ಎಷ್ಟು ವರ್ಷವಾಗಿತ್ತು ಎಂಬುದು ನೆನಪಾದದ್ದು ಏಳುವಾಗ. ತೊಡೆಗಳು ತನ್ನವಲ್ಲ ಎಂಬಂತೆ ಸುಮ್ಮನಿದ್ದವು. ಬಕೆಟ್ಟನ್ನು ಹಿಡಿದರೆ ಅದೂ ಅವನ ಕಡೆಗೇ ವಾಲಿತು. ಪಂಚೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರಿಂದ ಉಸಿರೂ ಅರ್ಧವಾಗಿತ್ತು. ಜೇಬಿನಲ್ಲಿ ಫೋನಿತ್ತು. ಗಂಗರತ್ನಳಿಗೆ ಮಾಡಿದ. ಒಳಗೆ ನಡುಮನೆಯಲ್ಲಿ ಅವಳ ಬ್ಯಾಗಿನೊಳಗಿನ ದೇವರ ಹಾಡು ಇಲ್ಲಿಗೇ ಕೇಳಿಸಿತು. ಹಾಡು ನಿಂತಿತು. "ಇವ್ರೇ ಮಾಡವ್ರೆ. ಇಲ್ಲೇ ಅವ್ರಲ್ಲ, ಕೈ ತಗುಲಿ ಹೋಗಿರ್ಬೇಕು" ಎಂದು ಅವಳು ಯಾರಿಗೋ ಹೇಳುವುದೂ ಕೇಳಿಸಿತು.

ಇನ್ನು ಕೂಗಬೇಕು. ಏನೆಂದು ಕೂಗುವುದು? ಯಾರಾದರೂ ಬನ್ನಿ ಎಂದರೆ ಎಲ್ಲರೂ ಬರುತ್ತಾರೆ. ಅಯ್ಯೋ ಎಂದರೆ ಹೆಂಗಸರು ಮೊದಲು ಬರುತ್ತಾರೆ. ಬಾಯಿಂದ ಪಂಚೆ ಬಿಟ್ಟು, ಕಚೇರಿಯಲ್ಲಿ ಕಷ್ಟಕ್ಕೆ ಸಿಕ್ಕಿದವರೆಲ್ಲ ಹೇಳುವ ಮಾತನ್ನೇ ಹೇಳಿದ: "ಸಾರ್." ಮೂರನೆಯ ಸಲಕ್ಕೆ ಹೊರಗೆ ಚಪ್ಪಲಿ ಸದ್ದಾಯಿತು. ಚಿಲಕಕ್ಕೆ ಕೈ ಎಟುಕಿದ್ದು ಅವತ್ತಿನ ಒಂದೇ ಅದೃಷ್ಟ. ಲಕ್ಷ್ಮೀನರಸಿಂಹಯ್ಯನವರು ಬಂದರು. ಒಂದು ಸಲ ನೋಡಿ, ಎಲ್ಲವನ್ನೂ ತಿಳಿದುಕೊಂಡು, ಕಣ್ಣನ್ನು ಮೇಲಿನ ಕಿಂಡಿಯಲ್ಲಿ ನೆಟ್ಟು, ಹಿಂದಿನಿಂದ ಬಾಗಿ ಅವನ ಕಂಕುಳಿಗೆ ಎರಡೂ ಕೈ ಕೊಟ್ಟು, "ಒನ್, ಟೂ, ತ್ರೀ" ಎಂದರು, ಶಾಲೆಯ ಮೈದಾನದ ದನಿಯನ್ನು ಮೆತ್ತಗೆ ಮಾಡಿ. ಅನಂತರಾಜು ಮೇಲೆ ಬಂದ. ಬರುವ ಹೊತ್ತಿಗೆ ಕಿವಿಯ ಹಿಂದೆ ಮೇಷ್ಟ್ರ ಬಾಯಿಂದ "ಹಕ್" ಎಂದೊಂದು ಸದ್ದು ಬಂದಿತು. ನಗು ತಡೆದದ್ದೋ, ವಾಕರಿಕೆ ತಡೆದದ್ದೋ. ಹಿಂದಿರುಗಿ ನೋಡುವ ಧೈರ್ಯವಾಗಲಿಲ್ಲ. ಅವರು ಕೈ ತೊಳೆದುಕೊಂಡು, ಗೋಡೆಯ ಕಡೆ ತಿರುಗಿ, "ನಡೀರಿ, ಮಜ್ಜಿಗೆ ಕುಡೀರಿ, ನಾನು ಬಂದೆ" ಎಂದಷ್ಟೇ ಹೇಳಿದರು. ತುಮಕೂರಿಗೆ ಹಿಂದಿರುಗುವಾಗ ಕಾರಿನಲ್ಲಿ ಗಂಗರತ್ನ ಕೇಳಿದಳು, "ಅಷ್ಟೊತ್ತು ಏನ್ ಮಾಡ್ತಿದ್ರಿ ಅಲ್ಲಿ?" "ನೀರು ಬರ್ತಿರ್ಲಿಲ್ಲ" ಎಂದ. "ಬೋರು ಐತಂತಲ್ಲ ಅವ್ರ ಮನೇಲಿ" ಎಂದಳು. ಅವನು ಕಿಟಕಿಯಾಚೆ ನೋಡಿದ. ವಾರದಲ್ಲಿ ತಿಳಿಸುತ್ತೇವೆ ಎಂದಿದ್ದ ಕುಣಿಗಲ್ಲಿನವರು ವಾರ ಕಳೆದರೂ ಏನೂ ತಿಳಿಸಲಿಲ್ಲ.

ಏನು ತಿಳಿಸಿಯಾರು? ಆ "ಹಕ್" ಎಂಬ ಸದ್ದು ಈಗ ಕುಣಿಗಲ್ಲಿನಲ್ಲಿ ಎಷ್ಟು ಮನೆ ಸುತ್ತಿರಬಹುದು ಎಂದು ಅನಂತರಾಜು ಆಫೀಸಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದ. ಮೇಷ್ಟ್ರು ಹೆಂಡತಿಗೆ ಹೇಳಿರುತ್ತಾರೆ, ಹೆಂಡತಿ ತಂಗಿಗೆ; ತಂಗಿಯ ಮನೆ ಯಡಿಯೂರಿನ ಕಡೆ ಅಂತೆ, ಅಲ್ಲಿಗೆ ಆ ರಸ್ತೆಯೂ ಮುಗಿಯಿತು. ಹೀಗೆ ಯೋಚಿಸುವಾಗೆಲ್ಲ ಅವನ ತೊಡೆಗಳು ಮೇಜಿನ ಕೆಳಗೆ ತಾವಾಗಿಯೇ ಬಿಗಿಯುತ್ತಿದ್ದವು. ಒಂದು ಮಧ್ಯಾಹ್ನ ಹಾಗೆ ಬಿಗಿದುಕೊಂಡೇ ಎದ್ದು, ಶಿರಾ ಗೇಟಿನ ಹತ್ತಿರ ಖುರ್ಷಿದ್ ಪಾಷಾನ ಗುಜರಿ ಅಂಗಡಿಗೆ ಹೋದ. ಅಲ್ಲಿ ಮೂಲೆಯಲ್ಲಿ ಹಳೆಯ ದಿನಸಿ ಅಂಗಡಿಗಳ ತೂಕದ ಕಲ್ಲುಗಳು ಬಿದ್ದಿರುವುದನ್ನು ಸ್ಕೂಟರಿನಲ್ಲಿ ಹೋಗುವಾಗ ನೋಡಿದ್ದ. ಕಬ್ಬಿಣದವಾದರೂ ಕಲ್ಲೆಂದೇ ಹೆಸರು, ಮೇಲೆ ಹಿಡಿಯಲು ಕಂಬಿ. "ಅಂಗಡಿ ಹಾಕ್ತೀರಾ ಸಾರ್? ಇವೆಲ್ಲ ಈಗ ನಡೆಯಲ್ಲ, ಎಲ್ಲಾ ಎಲೆಕ್ಟ್ರಾನಿಕ್" ಎಂದ ಪಾಷಾ. "ಮನೇಗೆ" ಎಂದ ಅನಂತರಾಜು. ಪಾಷಾ ಅವನ ತೋಳನ್ನೊಮ್ಮೆ ನೋಡಿ, ಮುಂದೆ ಕೇಳಲಿಲ್ಲ. ಐದು ಕೇಜಿಯವೆರಡು, ಹತ್ತರದ್ದೊಂದು. ಹಳೆ ಕಬ್ಬಿಣದ ದರಕ್ಕೆ ಕೊಡಬೇಕಾದ್ದರಿಂದ ಆ ತೂಕದ ಕಲ್ಲುಗಳನ್ನೇ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ತೂಗಿದ. ಒಂದು ಐದು ಸರಿಯಾಗಿತ್ತು. ಇನ್ನೊಂದು ನಾಲ್ಕು ಕೇಜಿ ಏಳುನೂರು ತೋರಿಸಿತು. "ಯಾವ ಅಂಗಡಿದೋ ಸಾರ್ ಇದು. ಎಷ್ಟು ಮನೇಲಿ ಬೇಳೆ ಕಮ್ಮಿ ಬೇಯಿಸವ್ರೋ" ಎಂದು ಪಾಷಾ ಅದನ್ನು ಬೆರಳಿನಿಂದ ತಟ್ಟಿದ. "ಬೇರೆ ಕೊಡ್ಲಾ?" "ಇರ್ಲಿ" ಎಂದ ಅನಂತರಾಜು. ಅವನ ಎಡಗೈ ಬಲಗೈಗಿಂತ ದುರ್ಬಲ. ಮುನ್ನೂರು ಗ್ರಾಂ ರಿಯಾಯಿತಿ ಸಿಕ್ಕಿದರೆ ಬಿಡುವುದೇಕೆ. ಅಂದಿನಿಂದ ಬಲಗೈಗೆ ಪ್ರಾಮಾಣಿಕ ಕಲ್ಲು, ಎಡಗೈಗೆ ಕಳ್ಳ ಕಲ್ಲು.

ದಿವಾನದ ಕೆಳಗೆ, ಹಳೆಯ ಜಮಖಾನದ ಹಿಂದೆ ಅವು ವಾಸ ಮಾಡತೊಡಗಿದವು. ಬೆಳಿಗ್ಗೆ ಗಂಗರತ್ನ ಹಾಲು ತರಲು ಹೋದ ಹತ್ತು ನಿಮಿಷ ಮತ್ತು ಮಾನಸಾ ಸ್ನಾನಕ್ಕೆ ಹೋದ ಹದಿನೈದು ನಿಮಿಷ, ಒಟ್ಟು ಇಪ್ಪತ್ತೈದು ನಿಮಿಷ ಮನೆ ಅವನದಾಗುತ್ತಿತ್ತು. ಎರಡೂ ತೋಳನ್ನು ಪಕ್ಕಕ್ಕೆ ಚಾಚಿದರೆ ಒಂದು ಕೈ ಕ್ಯಾಲೆಂಡರನ್ನೂ ಇನ್ನೊಂದು ಶೋಕೇಸಿನ ಗಾಜನ್ನೂ ಮುಟ್ಟುತ್ತಿತ್ತು. ಆದ್ದರಿಂದ ಕರ್ಣರೇಖೆಯಲ್ಲಿ ನಿಲ್ಲುತ್ತಿದ್ದ, ಒಂದು ಪಾದ ಟಿ.ವಿ. ಸ್ಟ್ಯಾಂಡಿನ ಕಡೆ, ಇನ್ನೊಂದು ದೇವರ ಗೂಡಿನ ಕಡೆ. ನೆಲಕ್ಕೆ ಮಲಗಿ ಮಾಡುವುದಕ್ಕೆ ತಲೆ ಅಡುಗೆಮನೆಯ ಹೊಸಿಲಾಚೆ ಹೋಗುತ್ತಿತ್ತು. ಅಲ್ಲಿಂದ ನೋಡಿದಾಗ ಗ್ಯಾಸ್ ಕಟ್ಟೆಯ ತಳದಲ್ಲಿ ಯಾವ ಕಾಲದ್ದೋ ಒಂದು ಒಗ್ಗರಣೆ ಸಾಸಿವೆ ಅಂಟಿಕೊಂಡಿತ್ತು. ಅದನ್ನೇ ನೋಡುತ್ತ ಸೊಂಟವನ್ನು ಮೇಲೆತ್ತುತ್ತಿದ್ದ. ಮನುಷ್ಯ ಇಷ್ಟು ಕೆಳಗಿನಿಂದ ತನ್ನ ಮನೆಯನ್ನು ಎಂದಾದರೂ ನೋಡಿರುತ್ತಾನೆಯೇ? ಅಪ್ಪ ನೋಡಿದ್ದ. ಅಪ್ಪ ಪುಟ್ಟರಂಗಯ್ಯ, ಸಿ.ಎಸ್. ಪುರದಲ್ಲಿ ಒಂದು ಹೆಗಲಿಗೆ ರಾಗಿಮೂಟೆ ಹಾಕಿಕೊಂಡು ಇನ್ನೊಂದು ಕೈಯಲ್ಲಿ ಬೀಡಿ ಹಚ್ಚುತ್ತಿದ್ದವನು, ಕೊನೆಯ ಎರಡು ವರ್ಷ ಇದೇ ಹಾಲಿನಲ್ಲಿ ನೆಲದ ಮೇಲೆ ಚಾಪೆಯಲ್ಲೇ ಮಲಗುತ್ತಿದ್ದ. ದಿವಾನ ಹತ್ತಿದರೆ ಬಿದ್ದೇನೆಂಬ ಭಯ.

ಆಗ ಈ ಮನೆಯಲ್ಲೂ ನೆಲದ ಕಕ್ಕಸೇ ಇತ್ತು. ಬೆಳಿಗ್ಗೆ ಅಲ್ಲಿಂದ ಅಪ್ಪನ ಕೂಗು ಬರುತ್ತಿತ್ತು, "ಅನಂತಾ." ಅನಂತರಾಜು ಪೇಪರು ಓದುತ್ತಿರುತ್ತಿದ್ದ. ಓದುತ್ತಿದ್ದ ಸುದ್ದಿ ಮುಗಿಸಿ ಏಳೋಣ ಎಂದುಕೊಳ್ಳುತ್ತಿದ್ದ. "ಅನಂತಾ, ಎತ್ತು ಬಾರ್ಲಾ." ಎರಡನೆಯ ಕೂಗಿಗೆ ಪುಟ ತಿರುಗಿಸುತ್ತಿದ್ದ. ಹೋಗಿ ಬಾಗಿಲಲ್ಲಿ ನಿಂತು, "ನೀನೇ ಒಸಿ ಟ್ರೈ ಮಾಡಪ್ಪ, ಡಾಕ್ಟ್ರು ಹೇಳವ್ರೆ" ಎನ್ನುತ್ತಿದ್ದ. ಡಾಕ್ಟರು ಅಂಥದ್ದೇನೂ ಹೇಳಿರಲಿಲ್ಲ. ಅಪ್ಪ ಆ ಡಾಕ್ಟರ ಮಾತಿಗೆ ಮರ್ಯಾದೆ ಕೊಟ್ಟು, ಗೋಡೆಗೆ ಅಂಗೈ ಒತ್ತಿ, ಅರ್ಧ ಎದ್ದು, ಮತ್ತೆ ಕುಸಿಯುತ್ತಿದ್ದ. ಕೊನೆಗೆ ಅನಂತರಾಜು ಮನೆ ಓನರ್ ಚನ್ನವೀರಯ್ಯನವರಿಗೆ ದುಂಬಾಲು ಬಿದ್ದು ಕಮೋಡು ಹಾಕಿಸಿದ. ಅಪ್ಪನಿಗಾಗಿ ಹಾಕಿಸಿದೆ ಎಂದು ನೆಂಟರಿಷ್ಟರಲ್ಲಿ ಒಳ್ಳೆಯ ಹೆಸರು ಬಂತು. ಅಪ್ಪನಿಗಾಗಿ ಅಲ್ಲ, ಆ ಕೂಗಿಗಾಗಿ ಎಂಬುದು ಅನಂತರಾಜುವಿಗೆ ಆಗಲೂ ಗೊತ್ತಿತ್ತು. "ಕುರ್ಚಿ ಮೇಲೆ ಕುಂತ್ಕಂಡು ಯಾರ್ಲಾ ಮಾಡ್ತಾರೆ" ಎಂದು ಅಪ್ಪ ಮೂರು ದಿನ ಹಟ ಹಿಡಿದ. ಆಮೇಲೆ ತಹಸೀಲ್ದಾರರನ್ನು ನೋಡಲು ಬಂದವನ ಹಾಗೆ ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಅದರ ಮೇಲೆ ಕೂರುವುದನ್ನು ಕಲಿತ. ಅಲ್ಲಿಂದ ಮುಂದೆ ಯಾರನ್ನೂ ಕೂಗಲಿಲ್ಲ. ಹದಿನೆಂಟು, ಹತ್ತೊಂಬತ್ತು. ಸಾಸಿವೆಯ ಮೇಲೆ ಕಣ್ಣಿಟ್ಟು ಅನಂತರಾಜು ಸೊಂಟವನ್ನು ಇಳಿಸಿದ. ಬೆವರು ಕಿವಿಯೊಳಕ್ಕೆ ಹೋಗಿ ಜುಳುಗುಟ್ಟಿತು.

ಎರಡನೆಯ ವಾರ ಹತ್ತು ಕೇಜಿಯ ಕಲ್ಲು ಕೈಜಾರಿ ನೆಲಕ್ಕೆ ಬಿತ್ತು. ಐದು ನಿಮಿಷದಲ್ಲಿ ಚನ್ನವೀರಯ್ಯನವರು ಮೇಲೆ ಬಂದು ಬಾಗಿಲಲ್ಲಿ ನಿಂತರು, ಹಣೆಯ ವಿಭೂತಿಯೂ ಇನ್ನೂ ಆರಿರಲಿಲ್ಲ. "ಅನಂತರಾಜು ಅವ್ರೆ, ಕೆಳಗೆ ನಮ್ ಫ್ಯಾನು ಆಡ್ತಾ ಐತೆ, ಸ್ವಿಚ್ ಹಾಕ್ದೇ ಇದ್ರೂ. ಏನ್ ಮಾಡ್ತಿದೀರಿ?" ಕಲ್ಲನ್ನು ಮುಚ್ಚಿಡಲು ಹೊತ್ತಿರಲಿಲ್ಲ, ಅದು ಅವನ ಕೈಯಲ್ಲೇ ಇತ್ತು. "ತೂಕ ನೋಡ್ತಿದ್ದೆ" ಎಂದ. "ಯಾತರ್ದು?" "ಇದ್ರದ್ದೇ." ಚನ್ನವೀರಯ್ಯನವರು ಹಾಲಿನೊಳಗೆ ಕತ್ತು ಚಾಚಿ, ಎಲ್ಲಾದರೂ ಮೂಟೆಗಳಿವೆಯೋ ಎಂದು ನೋಡಿದರು. "ನೋಡಿ, ವ್ಯಾಪಾರ ಗೀಪಾರ ಮನೇಲಿ ಇಟ್ಕೊಂಡ್ರೆ ಕರೆಂಟಿನವ್ರು ಮೀಟರ್ ಚೇಂಜ್ ಮಾಡ್ತಾರೆ. ಆಮೇಲೆ ನನ್ನ ಕೇಳ್ಬೇಡಿ" ಎಂದು ಹೇಳಿ ಇಳಿದು ಹೋದರು. ಅಂದಿನಿಂದ ಅನಂತರಾಜು ಕಲ್ಲನ್ನು ಎತ್ತುವುದಕ್ಕಿಂತ ಇಡುವುದಕ್ಕೇ ಹೆಚ್ಚು ಹೆಣಗಿದ. ಮಡಿಸಿದ ಜಮಖಾನದ ಮೇಲೆ, ಆಗತಾನೆ ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ, ಮೊದಲು ಒಂದು ಅಂಚು, ಆಮೇಲೆ ಇನ್ನೊಂದು, ಆಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವುದು. ತೊಡೆ ಉರಿಯುತ್ತಿತ್ತು. ಫೋನಿನ ಹುಡುಗ ಇದನ್ನೇ ಬಹಳ ಒಳ್ಳೆಯದು ಎನ್ನುತ್ತಿದ್ದ. ಅವನು ಹೇಳಿದ ಕಾರಣ ಬೇರೆ. ಅವನ ಮನೆಯ ಕೆಳಗೆ ಚನ್ನವೀರಯ್ಯನವರಿರಲಿಲ್ಲ.

ಗಂಗರತ್ನಳಿಂದ ಮುಚ್ಚಿಡುವುದೂ ಹೆಚ್ಚು ದಿನ ನಡೆಯಲಿಲ್ಲ. ಕಸ ಗುಡಿಸುವಾಗ ಪೊರಕೆಗೆ ಕಲ್ಲು ತಾಕಿತು. ಅವಳು ಅವನ್ನು ಒಂದೊಂದಾಗಿ ಎಳೆದು, ಸೆರಗಿನಿಂದ ಒರೆಸಿ, ಕಳ್ಳ ಕಲ್ಲನ್ನು ಉಪ್ಪಿನಕಾಯಿ ಜಾಡಿಯ ಮೇಲೆ ಹೇರಿದಳು, ಹತ್ತರದ್ದನ್ನು ಗಾಳಿಗೆ ಬಡಿದುಕೊಳ್ಳುತ್ತಿದ್ದ ಮೆಟ್ಟಿಲ ಬಾಗಿಲಿಗೆ ಒತ್ತಿಟ್ಟಳು. ಸಂಜೆ ಬಂದು ನೋಡಿದ ಅನಂತರಾಜುವಿಗೆ ತನ್ನ ಗುಟ್ಟನ್ನು ಮನೆಯ ಮೂಲೆಮೂಲೆಗೆ ಹಂಚಿದಂತಾಗಿ ಮುಖ ಬಿಸಿಯಾಯಿತು. ಹತ್ತರ ಕಲ್ಲನ್ನು ಅವಳು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಿದ್ದಳು ಎಂದು ಮಾನಸಾ ಹೇಳಿದಳು. ಅವನು ಇನ್ನೂ ಎರಡು ಕೈಯಲ್ಲೇ ಇದ್ದ. "ಎಲ್ಲಿ ತಂದ್ರಿ ಇವ್ನೆಲ್ಲ?" ಎಂದು ಊಟಕ್ಕೆ ಕೂತಾಗ ಗಂಗರತ್ನ ಕೇಳಿದಳು. "ಗುಜರೀಲಿ. ಸುಮ್ನೆ, ಎಕ್ಸರ್ಸೈಜಿಗೆ." "ಅಂಗಾದ್ರೆ ಬೆಳಿಗ್ಗೆ ಎದ್ದು ಗುಣಗುಣ ಅಂತಿದ್ದದ್ದು ಜಪ ಅಲ್ವಾ?" ಎಂದಳು. ಅವಳ ಮುಖದಲ್ಲಿ ನಿಜವಾದ ನಿರಾಸೆಯಿತ್ತು. ಅವನು ಜಪಕ್ಕೆ ಕೂತಿದ್ದಾನೆಂದು ಅವಳು ಆಗಲೇ ಅಕ್ಕನಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಅಕ್ಕ ಯಾವ ದೇವರದ್ದು ಎಂದು ಕೇಳಿದ್ದಳಂತೆ. ಯಾತಕ್ಕೆ ಎಕ್ಸರ್ಸೈಜು ಎಂದು ಮಾತ್ರ ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇ ಎಂದು ಅನ್ನ ಕಲಸುತ್ತ ಯೋಚಿಸಿದ. ಇಲ್ಲ. ಬೋರಿನ ನೀರಿನ ಸುಳ್ಳನ್ನೇ ಇನ್ನೊಂದು ಸಲ ಹೇಳುತ್ತಿದ್ದ.

ನಾಲ್ಕನೆಯ ವಾರ ಆಫೀಸಿನಲ್ಲಿ ರಾಮಾಂಜಿನಯ್ಯ ಟೀ ಕುಡಿಯುತ್ತ ಹೇಳಿದ, "ಅಣ್ಣ, ಕುಣಿಗಲ್‌ನಿಂದ ಫೋನ್ ಬಂದಿತ್ತು. ಮೇಷ್ಟ್ರ ಮನೆಯವ್ರು ಮಾಡಿದ್ರು." ಅನಂತರಾಜುವಿನ ಕೈಯಲ್ಲಿದ್ದ ಸೀಲು ಅರ್ಧದಲ್ಲೇ ನಿಂತಿತು. "ಏನಂತೆ?" "ಸಂಬಂಧದ ವಿಚಾರ ಏನೂ ಎತ್ತಲಿಲ್ಲ. ತುಮಕೂರಲ್ಲಿ ನರದ ಡಾಕ್ಟ್ರು ಯಾರು ಚೆನ್ನಾಗವ್ರೆ ಅಂತ ಕೇಳಿದ್ರು. ಯಾರ್ಗೆ ಅಂದ್ರೆ ಹೇಳ್ಲಿಲ್ಲ, ಹಿಂಗೇ ಅಂದ್ರು." ಸೀಲು ಬಿದ್ದದ್ದು ಕಾಗದದ ಮೇಲಲ್ಲ, ಹೆಬ್ಬೆರಳಿನ ಉಗುರಿನ ಮೇಲೆ. ಎಲ್ಲ ಸ್ಪಷ್ಟವಾಯಿತು. ವಿಚಾರಿಸುತ್ತಿದ್ದಾರೆ. ಹುಡುಗಿಯ ತಂದೆಗೆ ನರದ ಕಾಯಿಲೆ, ನಾಳೆ ಹುಡುಗಿಗೂ ಬಂದರೆ, ಹುಟ್ಟುವ ಮಕ್ಕಳಿಗೂ ಬಂದರೆ? ಹಸು ಎಮ್ಮೆಗಳ ತಳಿ ನೋಡುವ ಹುಡುಗನಿಗೆ ಇಷ್ಟು ತಿಳಿಯದೇ? ಆ ಸಂಜೆ ಮಾನಸಾ ಲ್ಯಾಬಿನ ಕೆಲಸ ಮುಗಿಸಿ ಬಂದು, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತುವುದನ್ನು ಅವನು ಬಾಗಿಲಲ್ಲಿ ನಿಂತು ನೋಡಿದ. "ಏನಪ್ಪ, ಹಂಗ್ ನೋಡ್ತೀಯ?" ಎಂದಳು. "ಮಂಡಿ ಗಿಂಡಿ ನೋಯುತ್ತಾ ನಿಂಗೆ?" "ಇಲ್ವಲ್ಲ." "ನೋವು ಬಂದ್ರೆ ಹೇಳು" ಎಂದ. ಅವಳು ಬ್ಯಾಗನ್ನು ದಿವಾನದ ಮೇಲೆ ಎಸೆದು, ಅಪ್ಪನಿಗೆ ಏನೋ ಆಗಿದೆ ಎಂಬಂತೆ ಅಮ್ಮನ ಕಡೆ ನೋಡಿದಳು. ಕುಣಿಗಲ್ಲಿನ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದೇ ಇರುವುದು ಮೂವರಿಗೂ ಕೇಳಿಸುತ್ತಿತ್ತು.

ಅದರ ಮಾರನೆಯ ಬೆಳಗಿನಿಂದ ಅನಂತರಾಜು ಕುರ್ಚಿಯನ್ನು ಬಿಟ್ಟ. ಮಡಚಿದ ಎರಡು ಹಾಸಿಗೆಯ ಮೇಲೆ ಕೂತು ಎದ್ದ. ಆಮೇಲೆ ಒಂದರ ಮೇಲೆ. ಆಮೇಲೆ ಮಾನಸಾಳ ಹಳೆಯ ಪುಸ್ತಕಗಳ ಕಟ್ಟಿನ ಮೇಲೆ, ದಿನಕ್ಕೆರಡು ಪುಸ್ತಕ ಕಡಿಮೆ ಮಾಡುತ್ತ. ಐದನೆಯ ವಾರದ ಕೊನೆಗೆ, ಒಂದು ಗುರುವಾರ, ಪುಸ್ತಕಗಳೇ ಉಳಿದಿರಲಿಲ್ಲ. ಕುಕ್ಕರಗಾಲಿನಲ್ಲಿ ನೆಲಮಟ್ಟಕ್ಕೆ ಕೂತು, ಕೈಗಳನ್ನು ಎದೆಗೆ ಕಟ್ಟಿಕೊಂಡು, ಎದ್ದ. ತಾನಾಗಿಯೇ ಎದ್ದ. ಎದ್ದು ನಿಂತ ಮೇಲೂ ಸ್ವಲ್ಪ ಹೊತ್ತು ನಂಬಿಕೆಯಾಗದೆ ದಿವಾನದ ಅಂಚನ್ನು ನೋಡಿದ, ಬೆರಳು ಅಲ್ಲಿರಲಿಲ್ಲ. ಯಾರಿಗಾದರೂ ಹೇಳಬೇಕೆನ್ನಿಸಿತು. ಗಂಗರತ್ನ ಮೆಟ್ಟಿಲ ಕೆಳಗೆ ಸೊಪ್ಪಿನವನೊಂದಿಗೆ ಕೊತ್ತಂಬರಿ ಕಟ್ಟಿನ ಸಣ್ಣತನದ ಬಗ್ಗೆ ವಾದಿಸುತ್ತಿದ್ದಳು. ಮಾನಸಾ ಬಚ್ಚಲಲ್ಲಿದ್ದಳು. ಗೋಡೆಯ ಮೇಲೆ ಅಪ್ಪನ ಫೋಟೋ ಇತ್ತು. ಅದರ ಕಡೆ ನೋಡಲು ಹೋಗಿ, ಅದಕ್ಕೆ ಹೇಳುವ ಸುದ್ದಿ ಇದಲ್ಲ ಎನ್ನಿಸಿ, ಅನಂತರಾಜು ಮುಖ ತೊಳೆಯಲು ಹೋದ. ಆ ದಿನವೇ ಮಧ್ಯಾಹ್ನ ರಾಮಾಂಜಿನಯ್ಯ ಬಂದು, ಕುಣಿಗಲ್ಲಿನವರು ಭಾನುವಾರ ನಿಮ್ಮ ಮನೆಗೆ ಬರುತ್ತಾರಂತೆ ಎಂದ. "ಯಾತಕ್ಕೆ?" "ಅದ್ನೇ ಹೇಳ್ಲಿಲ್ಲ. ಬಂದು ಮಾತಾಡ್ತೀವಿ ಅಂದ್ರು." ಬೇಡ ಎನ್ನಲು ಫೋನು ಸಾಕು, ಮನೆತನಕ ಬರುವುದು ಪರೀಕ್ಷೆ ಮಾಡಲು ಎಂದು ಅನಂತರಾಜು ತೀರ್ಮಾನಿಸಿದ.

ಭಾನುವಾರಕ್ಕೆ ಅವನು ತಯಾರಿ ಮಾಡಿಕೊಂಡದ್ದು ಹೀಗೆ. ಇಪ್ಪತ್ತೈದು ಕೇಜಿಯ ಅಕ್ಕಿಮೂಟೆಯೊಂದನ್ನು ಹಿಂದಿನ ದಿನವೇ ತಂದು, ಅಡುಗೆಮನೆಗೆ ಸೇರಿಸದೆ ಹಾಲಿನ ನಡುವೆ, ಬಂದವರ ಕಾಲಿಗೆ ಅಡ್ಡವಾಗುವ ಹಾಗೆ ಬಿಟ್ಟ. ಅವರೆಲ್ಲ ಕೂತ ಮೇಲೆ, ಅಯ್ಯೋ ಇದು ದಾರಿಯಲ್ಲೇ ಇದೆಯಲ್ಲ ಎಂದು ಸಹಜವಾಗಿ ಎದ್ದು, ಸಹಜವಾಗಿ ಎತ್ತಿ, ಮಾತಾಡುತ್ತಲೇ ಒಳಗಿಟ್ಟು ಬರಬೇಕು. ಆ "ಅಯ್ಯೋ" ಎಂಬುದನ್ನು ಬಚ್ಚಲಲ್ಲಿ ನಾಲ್ಕು ಸಲ ಹೇಳಿ ನೋಡಿದ. ಗಂಗರತ್ನ ಮೂಟೆಯನ್ನು ಎರಡು ಸಲ ಒಳಗೆ ಎಳೆದಿಟ್ಟಳು. ಎರಡು ಸಲವೂ ಅವನು ತಂದು ಹೊರಗಿಟ್ಟ. "ಬರೋರು ಏನಂದ್ಕೊತಾರೆ?" ಎಂದಳು. "ಅಂದ್ಕೊಳ್ಲಿ" ಎಂದ.

ಹನ್ನೊಂದಕ್ಕೆ ಕಾರು ಬಂತು. ಭಾನುಪ್ರಕಾಶ ಕಾರು ನಿಲ್ಲಿಸಲು ಜಾಗ ಹುಡುಕಿಕೊಂಡು ಬೀದಿಯ ತುದಿಗೆ ಹೋದ. ಮೇಷ್ಟ್ರ ಹೆಂಡತಿ ಮೊದಲು ಹತ್ತಿ ಬಂದರು. ಮೇಷ್ಟ್ರು ಬರುವುದಕ್ಕೆ ಬಹಳ ಹೊತ್ತಾಯಿತು. ಹದಿನೆಂಟು ಕಡಿದಾದ ಮೆಟ್ಟಿಲುಗಳು, ಒಂದು ಪಕ್ಕಕ್ಕೆ ಗೋಡೆ, ಇನ್ನೊಂದು ಪಕ್ಕಕ್ಕೆ ಚನ್ನವೀರಯ್ಯನವರು ಹಾಕಿಸುತ್ತೇನೆ ಎನ್ನುತ್ತಲೇ ಇದ್ದ ಕಂಬಿ. ಒಂದೊಂದು ಮೆಟ್ಟಿಲಲ್ಲೂ ಅವರು ನಿಂತು ಗೋಡೆಯ ಬಣ್ಣವನ್ನು ಪರೀಕ್ಷಿಸುತ್ತಿರುವಂತೆ ಕಾಣಿಸುತ್ತಿತ್ತು. ಮನೆಯನ್ನೂ ಅಳೆಯುತ್ತಿದ್ದಾರೆ ಎಂದುಕೊಂಡ ಅನಂತರಾಜು. ಕೊನೆಗೆ ಬಂದು ದಿವಾನದ ಮೇಲೆ ಕೂತರು, ನೆಟ್ಟಗೆ, ಕಂಬದ ಹಾಗೆ. ಕಾಫಿ ಆಯಿತು. ಕೊಬ್ಬರಿ ದರದ ಮಾತಾಯಿತು, ಕುಣಿಗಲ್ ರಸ್ತೆಯ ಮಾತಾಯಿತು. ಮುಖ್ಯವಾದ ಮಾತಿನ ಹತ್ತಿರ ಬಂದಾಗೆಲ್ಲ ಎರಡೂ ಕಡೆಯವರು ರಸ್ತೆಗೇ ಹಿಂದಿರುಗುತ್ತಿದ್ದರು. ಹೆಂಗಸರು ಅಡುಗೆಮನೆಗೆ ಹೋದರು. ಹುಡುಗ ಬಂದವನೇ ಮಾನಸಾಳೊಂದಿಗೆ ತಾರಸಿಗೆ ಹೋದ. ಹಾಲಿನಲ್ಲಿ ಇಬ್ಬರೇ ಉಳಿದರು. ಇಬ್ಬರ ನಡುವೆ ಅಕ್ಕಿಮೂಟೆ.

"ಅಯ್ಯೋ, ಇದು ದಾರೀಲೇ ಐತಲ್ಲ" ಎಂದು ಅನಂತರಾಜು ಎದ್ದ. ಸೊಂಟ ಹಿಂದಕ್ಕೆ, ಎದೆ ಮೇಲಕ್ಕೆ, ಪಾದ ಅಗಲಕ್ಕೆ. ಮೂಟೆಯನ್ನು ತಬ್ಬಿ ಎತ್ತಿದ. ಅದು ನೆಲ ಬಿಟ್ಟಿತ್ತಷ್ಟೆ, ಮೇಷ್ಟ್ರು ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಮೈದಾನದ ಪೂರ್ತಿ ದನಿಯಲ್ಲಿ, "ಬೇಡ ಬೇಡ, ಇಳ್ಸಿ, ಬೆನ್ನು ಹಿಡ್ಕೊಂಡ್ಬಿಡುತ್ತೆ" ಎಂದರು. ಅವನು ಗಾಬರಿಯಲ್ಲಿ ಮೂಟೆಯನ್ನು ಇಳಿಸಿದ. ಸದ್ದಾಗದಂತೆಯೇ ಇಳಿಸಿದ. ಮೇಷ್ಟ್ರು ಚಾಚಿದ ಕೈ ಚಾಚಿದಂತೆಯೇ ಇತ್ತು, ಮುಖ ಬಿಳಿಚಿಕೊಂಡಿತ್ತು. ಬಾಯಿಂದ ಮತ್ತೆ ಅದೇ "ಹಕ್." ಈ ಸಲ ಅನಂತರಾಜು ಅವರ ಎದುರಿಗೇ ಇದ್ದ. ಅದು ನಗುವೂ ಅಲ್ಲ, ವಾಕರಿಕೆಯೂ ಅಲ್ಲ ಎಂಬುದು ಕಂಡಿತು.

"ಏನಾಯ್ತು ಮೇಷ್ಟ್ರೆ?" ಮೇಷ್ಟ್ರು ಅಡುಗೆಮನೆಯ ಕಡೆ ನೋಡಿ, ಶರಟಿನ ಅಂಚನ್ನು ನಾಲ್ಕು ಬೆರಳಷ್ಟು ಎತ್ತಿದರು. ಒಳಗೆ ಹೊಟ್ಟೆಯ ಸುತ್ತ ಅಗಲವಾದ ಸೊಂಟದ ಬೆಲ್ಟು ಬಿಗಿದಿತ್ತು. "ಅವತ್ತು, ನಿಮ್ಮನ್ನ..." ಎಂದು ಶುರು ಮಾಡಿ, ಮುಂದಿನ ಕ್ರಿಯಾಪದ ಸಿಗದೆ, "ಅವತ್ತೇ ಹಿಡ್ಕೊಂತು. ಇಪ್ಪತ್ತು ದಿನ ಮಂಚ ಬಿಟ್ಟು ಎದ್ದಿಲ್ಲ" ಎಂದರು. "ಮೂವತ್ತೊಂದು ವರ್ಷ ಮಕ್ಕಳ ಕೈಲಿ ಡ್ರಿಲ್ ಮಾಡ್ಸಿದೀನಿ. ನಾನು ಪಕ್ಕದಲ್ಲಿ ನಿಂತ್ಕೊಂಡು ಪೀಪಿ ಊದಿದ್ದೇ ಬಂತು. ಮನೇಲಿ ಏನೋ ನರದ ಡಾಕ್ಟ್ರಿಗೆ ತೋರ್ಸಿ ಅಂತ ಒಂದೇ ಹಟ. ಅದಕ್ಕೇ ನಿಮಗೆ ಹೇಳಿ ಕಳ್ಸೋದು ಲೇಟಾಯ್ತು. ತಪ್ಪು ತಿಳ್ಕೋಬೇಡಿ." ಅನಂತರಾಜು ಮೂಟೆಯ ಮೇಲೆಯೇ ಕೂತುಬಿಟ್ಟ. "ಮನೆಯವ್ರಿಗೆ...?" ಎಂದ. "ಯಾರ್ಗೂ ಹೇಳಿಲ್ಲ. ಬಚ್ಚಲಲ್ಲಿ ಜಾರ್ದೆ ಅಂದಿದೀನಿ. ಹೊಸ ಟೈಲ್ಸು, ನಂಬಿದ್ರು." ಸ್ವಲ್ಪ ಹೊತ್ತು ಇಬ್ಬರೂ ಅಕ್ಕಿಯ ಬ್ರಾಂಡಿನ ಹೆಸರನ್ನು ಓದಿದರು. "ನಾನು ನೀರು ಬರ್ತಿರ್ಲಿಲ್ಲ ಅಂದೆ" ಎಂದ ಅನಂತರಾಜು. "ನಮ್ ಮನೇಲಿ ಬೋರು ಐತಲ್ಲ" ಎಂದರು ಮೇಷ್ಟ್ರು. ನಗುವುದಕ್ಕೆ ಹೋಗಿ ಬೆಲ್ಟನ್ನು ಹಿಡಿದುಕೊಂಡರು. ಆರು ವಾರ ಕುಣಿಗಲ್ಲಿನ ಮನೆಮನೆಗೂ ತನ್ನನ್ನು ಹೊತ್ತು ತಿರುಗಿಸಿದ್ದಾನೆಂದು ತಾನಂದುಕೊಂಡಿದ್ದ ಮನುಷ್ಯ ತನಗಾಗಿ ಸುಳ್ಳು ಹೇಳಿಕೊಂಡು ಅಂಗಾತ ಮಲಗಿದ್ದ. ಆ ಆರು ವಾರ ತಾನು ಅವರನ್ನು ಬೈದುಕೊಂಡದ್ದನ್ನೆಲ್ಲ ಈಗ ಎಲ್ಲಿಡುವುದೆಂದು ಅನಂತರಾಜುವಿಗೆ ತಿಳಿಯಲಿಲ್ಲ. ಕ್ಷಮೆ ಕೇಳಬೇಕೆನ್ನಿಸಿತು. ಕೇಳಿದರೆ ಯಾವುದಕ್ಕೆಂದು ಹೇಳಬೇಕಾಗುತ್ತಿತ್ತು. "ಉಪ್ಪಿಟ್ಟು ತರ್ತಾರೆ, ತಗೊಳಿ" ಎಂದ.

ಉಪ್ಪಿಟ್ಟು, ಕೇಸರಿಬಾತು ಆಯಿತು. ಒಂದು ಗಂಟೆಯಾದರೂ ಸಂಬಂಧದ ಮಾತು ಇತ್ಯರ್ಥವಾಗಲಿಲ್ಲ. "ಮನೇಲಿ ಒಂದ್ಸಲ ಕೂತು ಯೋಚ್ನೆ ಮಾಡಿ ಹೇಳ್ತೀವಿ" ಎಂದು ಮೇಷ್ಟ್ರ ಹೆಂಡತಿ ಕುಂಕುಮ ತೆಗೆದುಕೊಂಡು ಎದ್ದಾಗ ಗಂಗರತ್ನಳ ಮುಖ ಸಣ್ಣದಾಯಿತು. ಭಾನುಪ್ರಕಾಶ ಕಾರು ತರಲು ಹೋದ. ಹೆಂಗಸರು, ಮಾನಸಾ ಎಲ್ಲ ಇಳಿದು ಗೇಟಿನ ಹತ್ತಿರ ನಿಂತರು. ಮೇಷ್ಟ್ರು ಕೊನೆಗೆ ಉಳಿದರು. ಮೇಲಿನ ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡಿದರು. ಹತ್ತುವುದಕ್ಕಿಂತ ಇಳಿಯುವುದು ಕಷ್ಟವೆಂದು ಹತ್ತುವಾಗ ಅವರು ಯೋಚಿಸಿರಲಿಲ್ಲ. ಒಂದು ಕಾಲನ್ನು ಮುಂದಿಟ್ಟು, ಮತ್ತೆ ಹಿಂದಕ್ಕೆ ತೆಗೆದುಕೊಂಡರು. ಅನಂತರಾಜು ಅವರನ್ನು ದಾಟಿ, ಒಂದು ಮೆಟ್ಟಿಲು ಕೆಳಗಿಳಿದು, ಅವರಿಗೆ ಬೆನ್ನು ಕೊಟ್ಟು ನಿಂತ. ಹೆಗಲ ಮೇಲೆ ಮೊದಲು ಬೆರಳುಗಳು ಬಂದವು, ಆಮೇಲೆ ಅಂಗೈ, ಆಮೇಲೆ, ತುಂಬ ಅನುಮಾನಿಸಿ, ಮೈಯ ಭಾರ. ಒಂದು ಮೆಟ್ಟಿಲು. ಅವನು ಎಣಿಸಲು ಹೋಗಿ ಬಿಟ್ಟ. ಒಂದು ಪಾದ ಊರಿ, ಮಂಡಿಯನ್ನು ನಿಧಾನಕ್ಕೆ ಬಗ್ಗಿಸಿ, ಮೇಲಿನ ಭಾರ ಅಲುಗದಂತೆ ಇನ್ನೊಂದು ಪಾದವನ್ನು ಇಳಿಸುತ್ತಿದ್ದ. ಮೇಷ್ಟ್ರ ಉಸಿರು ಅವನ ನೆತ್ತಿಯ ಮೇಲೆ ಬಿಸಿಯಾಗಿ ಬೀಳುತ್ತಿತ್ತು.

ನಡುಮಧ್ಯದಲ್ಲಿ, ಹಿಡಿಯಲು ಕಂಬಿಯಿಲ್ಲದ ತಿರುವಿನಲ್ಲಿ, ಹೆಗಲ ಮೇಲಿನ ಕೈ ಬಿಗಿಯಿತು. ಕೆಳಗಿನಿಂದ ಗಂಗರತ್ನ ಕತ್ತೆತ್ತಿ, "ಏನಾಯ್ತ್ರಿ?" ಎಂದಳು. "ಏನಿಲ್ಲ, ಮಾತಾಡ್ತಿದೀವಿ" ಎಂದ ಅನಂತರಾಜು. ಅವರೇನೂ ಮಾತಾಡುತ್ತಿರಲಿಲ್ಲ. ಕಾರಿನ ಹಾರನ್ನು ಕೇಳಿಸಿತು. ಮೇಷ್ಟ್ರು ಉಸಿರನ್ನು ಎಳೆದುಕೊಂಡು, ಅವನಿಗೊಬ್ಬನಿಗೇ ಕೇಳುವ ಹಾಗೆ ಹೇಳಿದರು:

"ಒಂದ್ನಿಮ್ಷ ನಿಂತ್ಕೊಳಣ, ಬೀಗ್ರೆ."

ಅದು ನೋವಿನಲ್ಲಿ ಬಾಯಿತಪ್ಪಿ ಬಂದ ಮಾತೋ, ಯೋಚಿಸಿ ಹೇಳಿದ ಮಾತೋ ನೋಡಲು ಅನಂತರಾಜು ತಿರುಗಲಿಲ್ಲ. ತಿರುಗಿದರೆ ಮೇಲಿನ ಭಾರ ಅಲುಗುತ್ತಿತ್ತು. ಎರಡೂ ತೊಡೆಗಳು ನಡುಗುತ್ತಿದ್ದವು, ಪಂಚೆಯ ನೆರಿಗೆಗೂ ಆ ನಡುಕ ಇಳಿದಿತ್ತು.

"ಎಷ್ಟೊತ್ತು ಬೇಕಾದ್ರೂ ನಿಂತ್ಕೊಳಿ ಬೀಗ್ರೆ" ಎಂದ.